ಬಾಟಲಿ ಬದಲಾದರೆ ಅಳತೆಯೂ ಬದಲಾಗುತ್ತೆ

ಚಿ. ಸೌ. ಸುಮಾಳಿಗೆ, ಹಾಸನದಿಂದ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಮೂಡಿಗೆರೆ ಕಡೆ ಪುಷ್ಯ ಮಳೆ ಜೋರು ಹಿಡಿದಿದೆಯಂತೆ. ಇಬ್ಬರು ಮಕ್ಕಳಲ್ಲಿ ಯಾರಿಗಾದರೂ ಜ್ವರ ಬಂದೇ ಬರುತ್ತೆ. ಕರೆಂಟಿಲ್ಲದ ರಾತ್ರಿ ಅಳೋ ಮಗುವನ್ನ ಎತ್ತಿಕೊಂಡು ಲೇಬಲ್ ಓದೋಕಾಗಲ್ಲ. ಇವತ್ತೇ ಹಗಲು ಹೊತ್ತಲ್ಲಿ ಓದಿಕೋ.

ಚಿಕ್ಕವನ ಪ್ಯಾರಾಸಿಟಮಾಲ್ ಡ್ರಾಪ್ಸ್, ದೊಡ್ಡವಳ ಸಿರಪ್ ಎರಡನ್ನೂ ಪಕ್ಕದಲ್ಲಿಟ್ಟು ನೋಡು. ಡ್ರಾಪ್ಸ್ ಆದರೆ ಸಾಮಾನ್ಯವಾಗಿ 1 ಎಂಎಲ್‌ಗೇ 100 ಮಿಲಿಗ್ರಾಂ. ಸಿರಪ್ ಆದರೆ 5 ಎಂಎಲ್‌ಗೆ 120, 125 ಇಲ್ಲವೇ 250. ಪುಟ್ಟ ಬಾಟಲಿಯಲ್ಲೇ ಔಷಧಿ ಗಟ್ಟಿ. 125ರ ಸಿರಪ್‌ಗೆ ಡಾಕ್ಟರು ಹೇಳಿದ 4 ಎಂಎಲ್ಲನ್ನ ಡ್ರಾಪ್ಸಿನಲ್ಲಿ ಕೊಟ್ಟರೆ 100 ಮಿಲಿಗ್ರಾಂ ಹೋಗೋ ಕಡೆ 400 ಹೋಗುತ್ತೆ.

ಲೆಕ್ಕ ಹಾಕೋದು ತೂಕದ ಮೇಲೆ: ಒಂದು ಸಲಕ್ಕೆ ಕೆಜಿಗೆ 10ರಿಂದ 15 ಮಿಲಿಗ್ರಾಂ. ಚಿಕ್ಕವನು 8 ಕೆಜಿ ಇದ್ದರೆ 100 ಸಾಕು. ಅಂದರೆ ಡ್ರಾಪ್ಸ್ 1 ಎಂಎಲ್, 125ರ ಸಿರಪ್ 4 ಎಂಎಲ್, 250ರದ್ದು 2 ಎಂಎಲ್. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರಬೇಡ. ಕೊಟ್ಟ ಗಂಟೆಯನ್ನ ಕ್ಯಾಲೆಂಡರಿನ ಮೇಲೆ ಬರೆ. ಇಲ್ಲದಿದ್ದರೆ ನೀನು ಕೊಟ್ಟಿದ್ದು ಗೊತ್ತಾಗದೆ ನಿಮ್ಮತ್ತೆ ಇನ್ನೊಂದು ಸಲ ಕೊಟ್ಟುಬಿಡ್ತಾರೆ. ನೆಗಡಿ ಸಿರಪ್‌ಗಳಲ್ಲೂ ಎಷ್ಟೋ ಸಲ ಇದೇ ಪ್ಯಾರಾಸಿಟಮಾಲ್ ಇರುತ್ತೆ.

ಹೆಚ್ಚು ಹೋಗಿದೆ ಅಂತ ಅನುಮಾನ ಬಂದರೆ ಮಗು ಆಡ್ಕೊಂಡಿದೆಯಲ್ಲ ಅಂತ ಕಾಯಬೇಡ. ಮೊದಲ ದಿನ ಏನೂ ಕಾಣಿಸದೆ ಒಳಗೇ ಲಿವರ್ ಕೆಡುತ್ತೆ. ಅದಕ್ಕೆ ಪ್ರತಿಔಷಧಿ ಇದೆ, ಎಂಟು ಗಂಟೆಯೊಳಗೆ ಬಿದ್ದರೆ ಚೆನ್ನಾಗಿ ಕೆಲಸ ಮಾಡುತ್ತೆ. 108ಕ್ಕೆ ಫೋನ್ ಮಾಡು, ಬಾಟಲಿಯನ್ನೂ ಜೊತೆಗೆ ತಗೊಂಡು ಹೋಗು.

ಅಡುಗೆಮನೆ ಚಮಚದಲ್ಲಿ ಅಳೀಬೇಡ, ಒಂದೊಂದು ಒಂದೊಂದು ಅಳತೆ. ಮೆಡಿಕಲ್ಸಲ್ಲಿ ಸೂಜಿ ಇಲ್ಲದ 5 ಎಂಎಲ್ ಸಿರಿಂಜ್ ತಗೋ. ಬಾಟಲಿ ಚೆನ್ನಾಗಿ ಕುಲುಕು. ಇಲ್ಲದಿದ್ದರೆ ಔಷಧಿ ತಳದಲ್ಲಿ ಕೂತು, ಮೊದಲಿಗೆ ತೆಳು, ಕೊನೆಗೆ ಗಟ್ಟಿ ಬರುತ್ತೆ. ಮಗುವನ್ನ ತೊಡೆ ಮೇಲೆ ಒರಗಿಸಿ ಕೂರಿಸಿಕೊಂಡು, ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವೇ ಬಿಡು. ಮಲಗಿಸಿ ಗಂಟಲಿಗೆ ಹುಯ್ದರೆ ಶ್ವಾಸಕ್ಕೆ ಹೋಗುತ್ತೆ.

ನಿನ್ನ ನಾದಿನಿಗೂ ಹೇಳು: ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಬಂದರೆ ಮನೆಮದ್ದೂ ಬೇಡ, ಡ್ರಾಪ್ಸೂ ಬೇಡ, ಸೀದಾ ಆಸ್ಪತ್ರೆಗೆ ಹೋಗಬೇಕು.

ಕೆಮ್ಮಿನ ಸಿರಪ್ಪನ್ನ ನೀನಾಗೇ ತರಬೇಡ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಸಿರಪ್ ಕುಡಿದು ಕಿಡ್ನಿ ಕೆಟ್ಟು ಎಷ್ಟು ಕಂದಮ್ಮಗಳು ಹೋದವು! ಎರಡು ವರ್ಷದೊಳಗೆ ಕೊಡಲೇಬಾರದು, ಐದರೊಳಗೆ ಸಾಮಾನ್ಯವಾಗಿ ಬೇಡ ಅಂತ ಕೇಂದ್ರ ಸರ್ಕಾರವೇ ಸೂಚನೆ ಹೊರಡಿಸಿದೆ. ಮೂಗು ಕಟ್ಟಿದರೆ ಸಲೈನ್ ಹನಿ ಹಾಕು.

ತೋಟದ ಜೇನು ಎಷ್ಟೇ ಶುದ್ಧ ಇರಲಿ, ವರ್ಷ ತುಂಬೋವರೆಗೆ ನಾಲಿಗೆಗೆ ಹಚ್ಚಬೇಡ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣು ಎಳೆ ಕರುಳಲ್ಲಿ ಬೆಳೆದು ವಿಷ ಮಾಡುತ್ತೆ. ಕೊಬ್ಬರಿ ಎಣ್ಣೆಗೆ ಕರ್ಪೂರ ಕಾಸಿ ಎದೆಗೆ ಹಚ್ಚೋದೂ ಎರಡು ವರ್ಷದವರೆಗೆ ಬೇಡ. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತೆ.

ಈ ಮಳೆಯಲ್ಲಿ ಜ್ವರ ಅಂದರೆ ಡೆಂಗಿಯೂ ಇರಬಹುದು. ಐಬುಪ್ರೊಫೆನ್, ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವದ ಭಯ. ಆಸ್ಪಿರಿನ್ ಅಂತೂ ಡಾಕ್ಟರು ಹೇಳದೆ ಮಕ್ಕಳಿಗೆ ಯಾವತ್ತೂ ಬೇಡ.

ಇಬ್ಬರ ತೂಕ, ಬಾಟಲಿ ಹೆಸರು, ಎಂಎಲ್ ಲೆಕ್ಕ ಒಂದು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸು. ಅಂಗನವಾಡಿಯಲ್ಲಿ ತೂಕ ನೋಡಿ ತಾಯಿ ಕಾರ್ಡಿಗೆ ಬರೆದಾಗಲೆಲ್ಲ ಆ ಚೀಟಿಯನ್ನೂ ತಿದ್ದು.

ಇತಿ,
ನಿನ್ನ ದೊಡ್ಡಮ್ಮ