ಕಸಕ್ಕೆ ಬಾಗಿಲು ಬಡಿದೆವು, ಕರೆಂಟಿಗೆ ಯಾಕೆ ಬಡಿಯಬಾರದು?

ಮಾನ್ಯ ಸಂಪಾದಕರೇ,

ಬೆಂಗಳೂರಿನ ಬಡಾವಣೆ ಸಂಘಗಳ ಬಗ್ಗೆ ಒಂದು ಮಾತು ಹೇಳಬೇಕಿದೆ. ಉದ್ದವಾದರೆ ಕತ್ತರಿಸಿಕೊಳ್ಳಿ. ನಾನೂ ಅಂಥದ್ದೇ ಒಂದು ಸಂಘದ ಸದಸ್ಯೆ, ಹಾಗಾಗಿ ಇದು ಹೊರಗೆ ನಿಂತು ಮಾಡುವ ಟೀಕೆ ಅಲ್ಲ. ನಾವು ಜೂನ್ 5ಕ್ಕೆ ಸಸಿ ನೆಡುತ್ತೇವೆ, ಗಣೇಶನ ಹಬ್ಬಕ್ಕೆ ಮಣ್ಣಿನ ಮೂರ್ತಿಯನ್ನೇ ತನ್ನಿ ಅಂತ ಚೀಟಿ ಹಂಚುತ್ತೇವೆ, ಬಟ್ಟೆ ಚೀಲ ಕೊಡುತ್ತೇವೆ. ಎಲ್ಲ ಒಳ್ಳೆಯದೇ. ಆದರೆ ಮನೆಯೊಳಗೆ ಖರ್ಚಾಗುವ ಕರೆಂಟಿನ ಮಾತು ಬಂದ ಕೂಡಲೇ ಎಲ್ಲರೂ ಸುಮ್ಮನಾಗುತ್ತೇವೆ. ಅದು ಅವರವರ ಮನೆ ವಿಷಯ, ಬಿಲ್ ಕಟ್ಟುವವರು ಅವರು, ನಮಗ್ಯಾಕೆ ಅಂತ.

ಕಸವೂ ಒಂದು ಕಾಲಕ್ಕೆ ಅವರವರ ಮನೆ ವಿಷಯವೇ ಆಗಿತ್ತು ಅಲ್ವಾ? 2012ರಲ್ಲಿ ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರಕ್ಕೆ ಕಸ ಹೋಗುವುದು ನಿಂತಾಗ ಊರಿನ ಕಸವೆಲ್ಲ ರಸ್ತೆ ಮೂಲೆಗೆ ಬಂದು ಬಿತ್ತು. ಆಮೇಲೆ ಮಂಡೂರಿನ ಜನ ನಿಮ್ಮ ಕಸ ನಮ್ಮೂರಿಗೆ ಬೇಡ ಎಂದು ರಸ್ತೆಗಿಳಿದರು. ಆಗ ಮನೆಮನೆಗೆ ಹೋಗಿ ಹಸಿ ಕಸ, ಒಣ ಕಸ ಬೇರೆ ಮಾಡಿ ಅಂತ ಬಾಗಿಲು ಬಡಿದವರು ಯಾರು? ಬಹುಮಟ್ಟಿಗೆ ಅಕ್ಕಪಕ್ಕದ ಹೆಂಗಸರು, ನಿವೃತ್ತರು, ಒಂದಿಷ್ಟು ಹುಡುಗರು. ಎರಡು ಬುಟ್ಟಿ ಒಂದು ಚೀಲ (ಹಸಿ ಕಸಕ್ಕೊಂದು ಬುಟ್ಟಿ, ಡೈಪರಿನಂಥ ಕೊಳಕಿಗೊಂದು, ಒಣ ಕಸಕ್ಕೆ ಚೀಲ) ಎನ್ನುವ ಪದ್ಧತಿಯನ್ನು ಮೊದಲು ಮಾಡಿ ತೋರಿಸಿದ್ದು ಇಂಥ ಗುಂಪುಗಳೇ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಇಡೀ ಊರಿಗೆ ಕಡ್ಡಾಯ ಮಾಡಿತು. ಎಚ್‌ಎಸ್‌ಆರ್ ಲೇಔಟಿನಲ್ಲಿ ಕಾಂಪೋಸ್ಟ್ ಮಾಡುವುದನ್ನು ಕಲಿಸುವುದಕ್ಕೇ ಒಂದು ಪಾರ್ಕ್ ಇದೆ, ನೋಡದವರು ಒಮ್ಮೆ ಹೋಗಿ ಬನ್ನಿ. ಮಳೆನೀರಿನ ಕತೆಯೂ ಹೀಗೇ. ವಿಜ್ಞಾನಿ ಎ.ಆರ್. ಶಿವಕುಮಾರ್ ಅವರು ವಿಜಯನಗರದಲ್ಲಿ 1995ರಲ್ಲಿ ಕಟ್ಟಿಸಿದ ಮನೆಗೆ ಜಲಮಂಡಳಿಯ ಸಂಪರ್ಕವನ್ನೇ ತೆಗೆದುಕೊಳ್ಳದೆ ಮಳೆನೀರಿನಲ್ಲೇ ಸಂಸಾರ ನಡೆಸಿ ತೋರಿಸಿದರು, ಮಳೆನೀರು ಕೊಯ್ಲು ಕಾನೂನಾಗಿದ್ದು 2009ರಲ್ಲಿ. ಜನ ಮೊದಲು, ಕಾನೂನು ಆಮೇಲೆ.

ಕರೆಂಟಿನಲ್ಲಿ ಹೀಗೆ ಆಗದೇ ಇರುವುದಕ್ಕೆ ಕಾರಣ ಸರಳ. ಕಸ ನಾರುತ್ತದೆ, ಕರೆಂಟ್ ನಾರುವುದಿಲ್ಲ. ಅದರ ಬೂದಿ ಬೀಳುವುದು ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುವ ರಾಯಚೂರಿನ ಶಕ್ತಿನಗರದ ಸುತ್ತಲಿನ ಹೊಲಗಳ ಮೇಲೆ, ಬನಶಂಕರಿಯ ಬಾಲ್ಕನಿ ಮೇಲಲ್ಲ. ಅದಕ್ಕಾಗಿ ಮುಳುಗಿದ್ದು ಶರಾವತಿ ಕಣಿವೆಯವರ ಅಡಿಕೆ ತೋಟ, ನಮ್ಮ ಸೈಟಲ್ಲ. ಈಗ ಅದೇ ಕಣಿವೆಗೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ (ಕರೆಂಟ್ ಉಳಿದಾಗ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಡಿಕೆ ಹೆಚ್ಚಿದಾಗ ಕೆಳಗೆ ಬಿಟ್ಟು ಕರೆಂಟ್ ಮಾಡುವುದು) ತರಲು ಹೊರಟಿದ್ದಾರೆ, ಅದು ಬೇಡ ಎಂದು ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲೂ ಪೋಸ್ಟರ್ ಓಡಾಡುತ್ತದೆ. ಓಡಾಡಲಿ, ನಾನೂ ಕಳಿಸಿದ್ದೇನೆ. ಆದರೆ ಅಂಥ ಯೋಜನೆ ಬೇಕೆನ್ನುವವರು ಕೊಡುವ ಕಾರಣವೇ ಬೆಳಗ್ಗೆ ಸಂಜೆ ಎಲ್ಲರೂ ಒಟ್ಟಿಗೆ ಕರೆಂಟ್ ಎಳೆಯುವುದು. ಬೆಳಗ್ಗೆ ಆರರಿಂದ ಒಂಬತ್ತರವರೆಗೆ ನಮ್ಮ ಬೀದಿಯ ಗೀಸರ್‌ಗಳೆಲ್ಲ ಆನ್ ಆಗಿರುತ್ತವೆ. ಪೋಸ್ಟರ್ ಕಳಿಸಿದವರ ಮನೆಯದೂ ಸೇರಿ.

ಗೀಸರ್ ಲೆಕ್ಕ ಒಮ್ಮೆ ನೋಡಿ. 15 ಲೀಟರ್ ತಣ್ಣೀರನ್ನು 60 ಡಿಗ್ರಿಗೆ ಕಾಯಿಸಲು ಹೆಚ್ಚೂಕಡಿಮೆ ಮುಕ್ಕಾಲು ಯೂನಿಟ್ ಬೇಕು. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಕಾಯಿಸಿದರೆ ತಿಂಗಳಿಗೆ 90 ಯೂನಿಟ್ ಆಸುಪಾಸು, ಅದೂ ಸ್ವಿಚ್ ಆರಿಸಲು ಮರೆಯದೇ ಇದ್ದರೆ. ಹಳೆಯ ಸೀಲಿಂಗ್ ಫ್ಯಾನ್ 75 ವಾಟ್ ತಿನ್ನುತ್ತದೆ, ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನ್ ಆದರೆ 30 ವಾಟ್ ಹತ್ತಿರ, ಅಂದರೆ 11 ಯೂನಿಟ್. ಟಿವಿ ಆರಿಸಿದ ಮೇಲೂ ಸೆಟ್ ಟಾಪ್ ಬಾಕ್ಸ್ ಸುಮ್ನೆ ಬಿಸಿಯಾಗಿ ಕೂತಿರುತ್ತದಲ್ಲ, ಹತ್ತು ವಾಟ್ ಅಂತ ಹಿಡಿದರೂ ತಿಂಗಳಿಗೆ 7 ಯೂನಿಟ್ ಅಲ್ಲೇ ಹೋಯಿತು. ಇದರಲ್ಲಿ ಯಾವುದೂ ಗುಟ್ಟಲ್ಲ, ಯಾರೂ ಕೂತು ಲೆಕ್ಕ ಹಾಕುವುದಿಲ್ಲ ಅಷ್ಟೇ. ನಮ್ಮ ಬೀದಿಯಲ್ಲಿ ಕರೆಂಟ್ ಉಳಿಸುವುದು ಅಂದರೆ ಲೈಟ್ ಆರಿಸುವುದು ಅಂತಲೇ ಹೆಚ್ಚಿನವರ ನಂಬಿಕೆ. ಎಲ್‌ಇಡಿ ಬಲ್ಬ್ ಬಂದು ವರ್ಷಗಳೇ ಆದವು, 2015ರಲ್ಲಿ ಹೊಸ ಬೆಳಕು ಯೋಜನೆಯಲ್ಲಿ ಸರ್ಕಾರವೇ ಕಡಿಮೆ ಬೆಲೆಗೆ ಹಂಚಿತು. ಒಂಬತ್ತು ವಾಟಿನ ಬಲ್ಬಿಗೆ ಮಕ್ಕಳನ್ನು ಬೈಯುತ್ತೇವೆ, ಎರಡು ಸಾವಿರ ವಾಟಿನ ಗೀಸರ್ ಅರ್ಧ ಗಂಟೆ ಸುಮ್ಮನೆ ಆನ್ ಇದ್ದರೆ ಯಾರೂ ಮಾತಾಡುವುದಿಲ್ಲ.

ಗೃಹಜ್ಯೋತಿ ಬಗ್ಗೆ ಹೇಳದೇ ಈ ಪತ್ರ ಮುಗಿಸಲು ಆಗುವುದಿಲ್ಲ. ಯೋಜನೆ ಬೇಡ ಅನ್ನುವವರ ಗುಂಪಿನಲ್ಲಿ ನಾನಿಲ್ಲ. ಬಿಲ್ ಸೊನ್ನೆ ಆದ ಮೇಲೆ ಎಷ್ಟೋ ಮನೆಗಳಲ್ಲಿ ಆ ದುಡ್ಡು ಮಕ್ಕಳ ಫೀಸಿಗೋ ಔಷಧಿಗೋ ಹೋಗಿದೆ, ಕಣ್ಣಾರೆ ನೋಡಿದ್ದೇನೆ. ಆದರೆ ಒಂದು ಮಾತು. 2023ರಲ್ಲಿ ಯೋಜನೆ ತಂದಾಗ ಅದಕ್ಕೆ ಹಿಂದಿನ ವರ್ಷದ ಸರಾಸರಿ ಬಳಕೆ ತೆಗೆದು, ಅದರ ಮೇಲೆ ಶೇ 10 ಸೇರಿಸಿ, ಅಷ್ಟು ಯೂನಿಟ್ ಉಚಿತ ಅಂದರು. ಅಂದರೆ ಆ ವರ್ಷ ನೋಡಿ ನೋಡಿ ಖರ್ಚು ಮಾಡಿದವರಿಗೆ ಕಡಿಮೆ ಉಚಿತ, ಕೈ ಬಿಚ್ಚಿ ಸುರಿದವರಿಗೆ ಜಾಸ್ತಿ ಉಚಿತ! ತೀರಾ ಕಡಿಮೆ ಬಳಸುವವರಿಗೆ ಆಮೇಲೆ ಸ್ವಲ್ಪ ಸರಿ ಮಾಡಿದರು. ಉಳಿದವರಿಗೆ ಉಳಿಸಿ ಏನು ಬಂತು ಅಂದರೆ ಏನೂ ಬರಲಿಲ್ಲ. ತಿಂಗಳ ಬಿಲ್ ಸೊನ್ನೆ ಅಂತ ಕಂಡ ಮೇಲೆ ಅದರಲ್ಲಿ ಎಷ್ಟು ಯೂನಿಟ್ ಅಂತ ಯಾರು ನೋಡುತ್ತಾರೆ? ಮೀಟರ್ ರೀಡರ್ ಗೇಟಿಗೆ ಸಿಕ್ಕಿಸಿ ಹೋದ ಚೀಟಿ ಅಲ್ಲೇ ಮಳೆಯಲ್ಲಿ ನೆನೆಯುತ್ತಿರುತ್ತದೆ.

ಇದೇ ಯೋಜನೆಯಲ್ಲಿ ನಮ್ಮಂಥ ಗುಂಪುಗಳಿಗೆ ಒಂದು ಅವಕಾಶವೂ ಇದೆ, ಅದನ್ನು ಯಾಕೋ ಯಾರೂ ನೋಡುತ್ತಿಲ್ಲ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 195 ಯೂನಿಟ್ ಬಂದ ಮನೆಗೆ ತನ್ನ ಉಚಿತ ಮಿತಿ ಮೀರಿದ ಯೂನಿಟ್‌ನ ದುಡ್ಡಷ್ಟೇ, 205 ಬಂದ ಮನೆಗೆ ಸಾವಿರದ ಮೇಲೆ. ಬೇಸಿಗೆಯಲ್ಲಿ ಫ್ಯಾನು, ಕೂಲರು ಅಂತ ಈ ಗೆರೆಯ ಆಚೆ ಈಚೆ ಓಲಾಡುವ ಮನೆಗಳು ಪ್ರತಿ ಬೀದಿಯಲ್ಲೂ ಇವೆ. ಭೂಮಿ ಬಿಸಿಯಾಗುತ್ತಿದೆ ಅಂತ ಅವರಿಗೆ ಉಪನ್ಯಾಸ ಕೊಟ್ಟರೆ ಆಕಳಿಸುತ್ತಾರೆ. ನಿಮ್ಮ ಮನೆಯಲ್ಲಿ ಮೂವತ್ತು ಯೂನಿಟ್ ಎಲ್ಲಿ ಸೋರುತ್ತಿದೆ ಅಂತ ತೋರಿಸುತ್ತೇನೆ ಬನ್ನಿ ಅಂದರೆ ಕುರ್ಚಿ ಎಳೆದು ಕೂರಿಸಿ ಕಾಫಿ ಕೊಡುತ್ತಾರೆ.

ನಾವು ನಾಲ್ಕಾರು ಜನ ಸೇರಿ ಮಾಡುತ್ತಿರುವುದು ಇಷ್ಟೇ. ಪ್ಲಗ್‌ಗೆ ಸಿಕ್ಕಿಸಿ ವಾಟ್ ತೋರಿಸುವ ಸಣ್ಣ ಮೀಟರ್ ಒಂದನ್ನು ದುಡ್ಡು ಹಾಕಿ ತಂದಿದ್ದೇವೆ. ಕರೆದವರ ಮನೆಗೆ ಹೋಗುತ್ತೇವೆ. ಫ್ರಿಜ್ಜಿಗೆ ಒಂದು ಇಡೀ ದಿನ ಸಿಕ್ಕಿಸಿಟ್ಟರೆ ಅದು ಎಷ್ಟು ತಿನ್ನುತ್ತದೆ ಅಂತ ಮನೆಯವರ ಕಣ್ಣೆದುರೇ ಗೊತ್ತಾಗುತ್ತದೆ. ಫ್ರಿಜ್ಜಿನ ಬಾಗಿಲಿಗೆ ಒಂದು ನೋಟು ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ರಬ್ಬರ್ ಹೋಗಿದೆ ಅಂತ ಅರ್ಥ, ತಂಪು ಹೊರಗೆ ಹೋಗುತ್ತಿದೆ. ಸೋಲಾರ್ ವಾಟರ್ ಹೀಟರ್ ಇರುವವರ ಮನೆಯಲ್ಲಿ ತಪ್ಪದೆ ನೋಡಬೇಕಾದ್ದು ಅದರ ಟ್ಯಾಂಕಿನೊಳಗಿನ ಕರೆಂಟ್ ಕಾಯಿಲ್‌ನ ಸ್ವಿಚ್. ಮೋಡ ಕವಿದ ಒಂದು ದಿನ ಹಾಕಿರುತ್ತಾರೆ, ಆಮೇಲೆ ಆರಿಸುವುದೇ ಇಲ್ಲ, ಮೇಲೆ ಬಿಸಿಲು ಕಾಯಿಸುತ್ತಿದ್ದರೆ ಕೆಳಗೆ ಮೀಟರ್ ಓಡುತ್ತಿರುತ್ತದೆ. ಇನ್ನು ಬೋರ್‌ವೆಲ್ ನೀರಿನ ಮನೆಗಳಲ್ಲಿ ಟ್ಯೂಬಿನೊಳಗೆ ಸುಣ್ಣ ಕಟ್ಟಿ ನೀರು ಕಾಯುವುದೇ ಕಡಿಮೆ ಆಗಿರುತ್ತದೆ, ಸೋಲಾರ್ ಹಾಳು ಅಂತ ತೀರ್ಮಾನ ಮಾಡಿ ಬಚ್ಚಲಲ್ಲಿ ಗೀಸರ್ ಹಾಕಿಸಿಕೊಂಡಿರುತ್ತಾರೆ. ಸೋಲಾರ್ ಹೀಟರ್ ಹಾಕಿದವರಿಗೆ ಬಿಲ್ಲಿನಲ್ಲಿ ರಿಯಾಯಿತಿ ಅಂತ ವರ್ಷಗಟ್ಟಲೆ ಕೊಟ್ಟರು, ಅದು ಕೆಲಸ ಮಾಡುತ್ತಿದೆಯೇ ಅಂತ ಬಂದು ನೋಡಿದವರನ್ನು ಮಾತ್ರ ನಾನು ಕಂಡಿಲ್ಲ.

ಇದರ ಮೇಲೆ ಟ್ಯಾಂಕ್ ತುಂಬಿ ಹರಿಯುವುದು ಬೇರೆ. ಬೆಳಗ್ಗೆ ನಮ್ಮ ಬೀದಿಯಲ್ಲಿ ನಡೆದರೆ ಒಂದಲ್ಲ ಒಂದು ತಾರಸಿಯಿಂದ ನೀರು ಸುರಿಯುತ್ತಲೇ ಇರುತ್ತದೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಮೂರು ಕಡೆ ಪಂಪ್ ಮಾಡಿಸಿಕೊಂಡು ಗುಡ್ಡ ಹತ್ತಿ ಬರುತ್ತದೆ. ನಮ್ಮ ಮನೆಯ ಸಂಪ್ ತೊಟ್ಟಿಗೆ ಬಂದ ಮೇಲೆ ಮತ್ತೆ ಮೋಟರ್ ಹಾಕಿ ಮೇಲೇರಿಸುತ್ತೇವೆ, ಆಮೇಲೆ ಚರಂಡಿಗೆ ಬಿಡುತ್ತೇವೆ. ನೀರು ಪೋಲು ಮಾಡುವುದೂ ಕರೆಂಟ್ ಪೋಲು ಮಾಡುವುದೂ ಈ ಊರಿನಲ್ಲಿ ಒಂದೇ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕೈಮುಗಿದು ಕಾಯ್ದವರು ನಾವೇ, ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಹಾಕಿ ಅಂತ ಆಗ ಜಲಮಂಡಳಿ ಹೇಳಿದಾಗ ಅಪಾರ್ಟ್‌ಮೆಂಟ್‌ಗಳಲ್ಲಿ ದಡಬಡ ಹಾಕಿಸಿದರು. ಮಳೆ ಬಂತು, ಮರೆತೆವು. ಟ್ಯಾಂಕ್ ತುಂಬಿದಾಗ ಮೋಟರ್ ತಾನೇ ನಿಲ್ಲುವ ಸೆನ್ಸರ್ ಅಂಗಡಿಯಲ್ಲಿ ಸಿಗುತ್ತದೆ, ಬೀದಿಯ ಎಲ್ಲ ಮನೆಗೂ ಒಟ್ಟಿಗೆ ಹಾಕಿಸಿದರೆ ಎಲೆಕ್ಟ್ರಿಷಿಯನ್ ಕೂಲಿಯೂ ಕಡಿಮೆ ಮಾಡಿಕೊಳ್ಳುತ್ತಾನೆ. ಇಂಥ ಕೆಲಸ ಸಂಘ ಮಾಡದೇ ಇನ್ಯಾರು ಮಾಡಬೇಕು?

ಈಗ ನಮ್ಮ ಇಂಥ ಗುಂಪುಗಳ ಮೇಲೆಯೇ ನನ್ನ ತಕರಾರು. ಅಪಾರ್ಟ್‌ಮೆಂಟ್ ಸಭೆಗಳು ನಡೆಯುವುದು ಇಂಗ್ಲಿಷಿನಲ್ಲಿ, ಲಿಫ್ಟಿನ ಪಕ್ಕ ಅಂಟಿಸುವ ನೋಟಿಸೂ ಇಂಗ್ಲಿಷಿನಲ್ಲಿ. ಮೋಟರ್ ಹಾಕುವವರು ಸೆಕ್ಯುರಿಟಿಯವರು, ವಾಷಿಂಗ್ ಮೆಷಿನ್ ತಿರುಗಿಸುವವರು ಮನೆಗೆಲಸಕ್ಕೆ ಬರುವ ಅಕ್ಕ. ಅವರನ್ನು ಯಾವ ಸಭೆಗೂ ಕರೆದಿಲ್ಲ. ಇನ್ನೊಂದು, ಒಂದು ಫ್ಯಾನು ಎರಡು ಬಲ್ಬು ಇರುವ ವಠಾರದ ಮನೆಗೆ ಹೋಗಿ ಕರೆಂಟ್ ಉಳಿಸಿ ಅಂತ ಹೇಳುವುದು ಅಸಹ್ಯ, ದಯವಿಟ್ಟು ಅದನ್ನು ಬಿಡಿ. ಅವರಿಗೆ ಬೇಕಾದ್ದು ಬೇರೆ. ಮೇಲಿನ ಮಹಡಿಯ ಶೀಟ್ ಮನೆಯಲ್ಲಿ, ತಾರಸಿ ಕೆಳಗಿನ ಮನೆಯಲ್ಲಿ ಏಪ್ರಿಲ್ ತಿಂಗಳು ಹೇಗಿರುತ್ತದೆ ಅಂತ ಅಲ್ಲಿ ಇದ್ದವರಿಗೇ ಗೊತ್ತು. ತಾರಸಿಗೆ ಬಿಳಿ ಸುಣ್ಣ ಬಳಿದರೂ ಒಳಗಿನ ಕಾವು ಇಳಿಯುತ್ತದೆ, ರಾತ್ರಿಯಿಡೀ ಫ್ಯಾನ್ ಐದರಲ್ಲಿ ಇಡುವುದು ತಪ್ಪುತ್ತದೆ. ಒಂದು ಭಾನುವಾರ ನಾಲ್ಕು ಜನ ಬ್ರಷ್ ಹಿಡಿದರೆ ಆಗುವ ಕೆಲಸ, ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವಷ್ಟೇ ಹೊತ್ತು ಹಿಡಿಯುತ್ತದೆ.

ತಾರಸಿ ಸೋಲಾರ್ ವಿಷಯ ಜಾಸ್ತಿ ಎಳೆಯುವುದಿಲ್ಲ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನ ಅಂತ ಎಲ್ಲರಿಗೂ ಗೊತ್ತು. ಸಂಘಗಳಿಗೂ ಲಿಫ್ಟ್, ಪಂಪು, ಮೆಟ್ಟಿಲ ದೀಪದಂಥ ಸಾಮಾನ್ಯ ಬಳಕೆಗೆ ಕಿಲೋವಾಟ್‌ಗೆ 18,000 ರೂಪಾಯಿ ಇದೆ ಅನ್ನುವುದು ಎಷ್ಟೋ ಸಂಘಗಳ ಕಾರ್ಯದರ್ಶಿಗಳಿಗೇ ಗೊತ್ತಿಲ್ಲ. ಮನೆ ಬಿಲ್ ಸೊನ್ನೆ ಇರುವಾಗ ಸೋಲಾರ್ ಯಾಕೆ ಅನ್ನುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ, ಆದರೆ ಲಿಫ್ಟಿನ ಬಿಲ್ ಸೊನ್ನೆ ಇಲ್ಲ ಅಲ್ವಾ?

ನಿಮ್ಮ ಪತ್ರಿಕೆಯ ಮೂಲಕ ಕೇಳುವುದು ಎರಡೇ. ಒಂದು, ಬೆಸ್ಕಾಂನವರು ಪ್ರತಿ ಟ್ರಾನ್ಸ್‌ಫಾರ್ಮರ್‌ನಿಂದ ತಿಂಗಳಿಗೆ ಎಷ್ಟು ಯೂನಿಟ್ ಹೋಯಿತು ಅನ್ನುವ ಒಟ್ಟು ಲೆಕ್ಕವನ್ನು ಆ ಬೀದಿಯವರಿಗೆ ಕೊಡಲಿ. ಯಾರ ಮನೆಯದು ಎಷ್ಟು ಅಂತ ಬೇಡ, ಅದು ಸರಿಯೂ ಅಲ್ಲ. ಕಂಬದ ಪಕ್ಕ ಒಂದು ಬೋರ್ಡಿನಲ್ಲಿ ಕಳೆದ ವರ್ಷ ಇದೇ ತಿಂಗಳು ಇಷ್ಟು, ಈಗ ಇಷ್ಟು ಅಂತ ಬರೆದು ಹಾಕಿದರೆ ಸಾಕು, ಎರಡನೇ ಕ್ರಾಸಿನವರು ಮೂರನೇ ಕ್ರಾಸಿನವರನ್ನು ನೋಡಿ ತಾವೇ ಮಾತಾಡಿಕೊಳ್ಳುತ್ತಾರೆ. ಎರಡು, ನಾವೆಲ್ಲ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಬಡಾವಣೆಯ ಲೈಬ್ರರಿಯಲ್ಲಿ ಪುಸ್ತಕದ ಜೊತೆ ಇಂಥ ನಾಲ್ಕು ವಾಟ್ ಮೀಟರ್ ಇಟ್ಟು ವಾರಕ್ಕೆ ಎರವಲು ಕೊಡಲಿ. ನಮ್ಮ ಒಂದೇ ಮೀಟರಿಗೆ ಈಗ ಸರತಿ ಇದೆ.

ಕೊನೆಗೆ ಒಂದು ಪ್ರಶ್ನೆ, ಬೇರೆ ಊರು, ಬಡಾವಣೆಗಳಲ್ಲಿ ಇಂಥ ಕೆಲಸ ಮಾಡುತ್ತಿರುವ ಓದುಗರಿಗೆ. ಬಾಡಿಗೆ ಮನೆಗಳ ವಿಷಯದಲ್ಲಿ ನೀವು ಏನು ಮಾಡುತ್ತಿದ್ದೀರಿ? ಬಿಲ್ ಬಾಡಿಗೆದಾರರದು, ಫ್ಯಾನು ಗೀಸರ್ ಓನರದು. ಹೊಸ ಫ್ಯಾನ್ ಹಾಕಿಸಿ ಅಂದರೆ ಓನರ್‌ಗೆ ಲಾಭ ಇಲ್ಲ, ನಾಳೆ ಖಾಲಿ ಮಾಡುವವರಿಗೆ ಸ್ವಂತ ದುಡ್ಡು ಹಾಕಲು ಮನಸ್ಸಿಲ್ಲ. ನಮ್ಮ ಬೀದಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಡಿಗೆ ಮನೆಗಳೇ. ಅಗ್ರಿಮೆಂಟ್ ಮಾಡಿಸುವಾಗಲೇ ಇದನ್ನು ಬರೆಸಿಕೊಂಡವರು, ಅಥವಾ ಓನರ್‌ಗಳನ್ನು ಒಪ್ಪಿಸಿದವರು ಯಾರಾದರೂ ಇದ್ದರೆ ಈ ಅಂಕಣಕ್ಕೇ ಬರೆಯಿರಿ, ನಮ್ಮ ಮುಂದಿನ ಸಭೆಯಲ್ಲಿ ಓದುತ್ತೇನೆ.

ಇಂತಿ,
ಬಡಾವಣೆ ಸಂಘದ ಸದಸ್ಯೆ,
ಬನಶಂಕರಿ, ಬೆಂಗಳೂರು