ಸುಟ್ಟ ಗಾಯದವರ ಹೊಟ್ಟೆಯ ಕಡೆಗೂ ಗಮನ ಇರಲಿ

ಸಂಪಾದಕರೇ,

ಬೆಂಕಿ ಅವಘಡದ ಸುದ್ದಿಯಲ್ಲಿ 'ಶೇ 40ರಷ್ಟು ಸುಟ್ಟ ಗಾಯ' ಅಂತ ಬರೆದು ಮುಗಿಸುತ್ತೀರಿ. ಮುಂಬಯಿಯಲ್ಲಿ ಸುಟ್ಟ ಗಾಯದವರ ವಾರ್ಡಿನಲ್ಲಿ ದುಡಿದ ನರ್ಸ್ ನಾನು. ಆ ಅಂಕಿ ನೋಡಿದ ಕೂಡಲೇ ನಮಗೆ ಚರ್ಮದ ಜೊತೆ ರೋಗಿಯ ಹೊಟ್ಟೆಯ ಚಿಂತೆಯೂ ಶುರುವಾಗುತ್ತದೆ.

ದೊಡ್ಡವರ ಮೈ ಶೇ 20ಕ್ಕಿಂತ ಜಾಸ್ತಿ ಸುಟ್ಟರೆ ರಕ್ತನಾಳಗಳಿಂದ ನೀರಿನಂಶ ಸೋರುತ್ತದೆ. ಆಗ ದೇಹ ಹೃದಯ, ಮಿದುಳನ್ನು ಉಳಿಸಿಕೊಳ್ಳಲು ಕರುಳಿನ ರಕ್ತವನ್ನು ಕಡಿಮೆ ಮಾಡುತ್ತದೆ. ಕರುಳಿನ ಚಲನೆ ನಿಲ್ಲಬಹುದು, ಜಠರದಲ್ಲೋ ಸಣ್ಣ ಕರುಳಿನ ಶುರುವಿನಲ್ಲೋ ಹುಣ್ಣಾಗಿ ರಕ್ತ ಸೋರಬಹುದು. ಲಂಡನ್ನಿನ ಸರ್ಜನ್ ಕರ್ಲಿಂಗ್ 1842ರಲ್ಲೇ ಈ ಹುಣ್ಣಿನ ಬಗ್ಗೆ ಬರೆದಿದ್ದರು. ಆಸಿಡ್ ತಗ್ಗಿಸುವ ಔಷಧಿ, ಮೊದಲ 24 ಗಂಟೆಯೊಳಗೆ ಮೂಗಿನ ನಳಿಕೆಯಿಂದ ಕೊಡುವ ಆಹಾರ, ಇವುಗಳಿಂದ ಈಗ ಅದು ತುಂಬಾ ಕಡಿಮೆಯಾಗಿದೆ. ಆದರೆ ಆ ನಳಿಕೆ ನೋಡಿದರೇ ಮನೆಯವರಿಗೆ ಸಿಟ್ಟು, 'ಸುಮ್ನೆ ಯಾಕೆ ಹಿಂಸೆ' ಅಂತ ತೆಗೆಸಲು ಹಟ ಹಿಡಿಯುತ್ತಾರೆ. ದಯವಿಟ್ಟು ತೆಗೆಸಬೇಡಿ.

ಗಾಯ ದೊಡ್ಡದಿದ್ದವರು, ವಯಸ್ಸಾದವರು, ಹೊಗೆ ಒಳಗೆ ಹೋಗಿ ವೆಂಟಿಲೇಟರ್ ಮೇಲಿರುವವರು, ಸಲೈನ್ ತಡವಾಗಿ ಸಿಕ್ಕವರು, ಇವರಿಗೆ ತೊಂದರೆ ಜಾಸ್ತಿ ಅಂತ ಮೊದಲ ದಿನವೇ ಅಂದಾಜು ಮಾಡಬಹುದು. ಸಲೈನ್ ಅತಿಯಾದರೂ ಕಷ್ಟವೇ. ಹೊಟ್ಟೆಯೊಳಗೆ ಒತ್ತಡ ಏರಿ ಮೂತ್ರ ಕಡಿಮೆಯಾಗುತ್ತದೆ, ಉಸಿರಾಟಕ್ಕೂ ತೊಂದರೆ. ಮೂತ್ರದ ನಳಿಕೆಯ ಮೂಲಕವೇ ಆ ಒತ್ತಡ ಅಳೆಯಬಹುದು, ಅದಕ್ಕೆ ದೊಡ್ಡ ಯಂತ್ರವೇನೂ ಬೇಡ. ಅಪಾಯ ಇರುವ ಎಲ್ಲರಿಗೂ ಎಲ್ಲ ಆಸ್ಪತ್ರೆಗಳಲ್ಲೂ ಇದನ್ನು ಮಾಡಲೇಬೇಕು ಅನ್ನುವುದು ನನ್ನ ಒತ್ತಾಯ.

ಇದನ್ನು ನಮ್ಮ ಪತ್ರಿಕೆಗೇ ಬರೆಯಲು ಕಾರಣವಿದೆ. ಇಲ್ಲಿ ಮುಂಬಯಿಯ ಹೋಟೆಲ್ ಅಡುಗೆಮನೆಗಳಲ್ಲಿ ನಮ್ಮೂರ ಕಡೆಯ ಎಷ್ಟೋ ಹುಡುಗರಿದ್ದಾರೆ. ಕುದಿಯುವ ಎಣ್ಣೆಯೋ ಸಾಂಬಾರೋ ಮೈಮೇಲೆ ಬಿದ್ದರೆ, ಊರಿಂದ ಅಪ್ಪ ಅಮ್ಮ ಬಂದು ಮುಟ್ಟುವ ತನಕ ಹಾಸಿಗೆ ಪಕ್ಕ ಇರುವವರು ಜೊತೆ ಕೆಲಸದವರು, ಇಲ್ಲವೇ ಹೋಟೆಲ್ ಧಣಿಗಳು. ಅವರಿಗೆ ಇದು ಗೊತ್ತಿರಬೇಕು ಅಲ್ವಾ? ಹೊಟ್ಟೆ ಉಬ್ಬಿ ಬಿಗಿಯಾದರೆ, ಕಾಫಿ ಪುಡಿ ಕಲಸಿದಂಥ ವಾಂತಿಯಾದರೆ, ಮಲ ಟಾರಿನ ಹಾಗೆ ಕಪ್ಪಾಗಿದ್ದರೆ ಅರ್ಧ ರಾತ್ರಿಯಾದರೂ ಸಿಸ್ಟರನ್ನು ಎಬ್ಬಿಸಿ ಹೇಳಿ. ಕೇಳದೆ ಗಂಜಿ, ಎಳನೀರು ಕುಡಿಸಬೇಡಿ; ಕರುಳು ಕೆಲಸ ಮಾಡದಿದ್ದಾಗ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಮುಂದೆ ಇಂಥ ಸುದ್ದಿ ಹಾಕುವಾಗ ಈ ಲಕ್ಷಣಗಳನ್ನೂ ಕೆಳಗೆ ಒಂದೆರಡು ಸಾಲು ಹಾಕಿ.

ನಿವೃತ್ತ ನರ್ಸ್, ಡೊಂಬಿವಲಿ