ಲೋ ಎಂಟಾಣೆ, ಅವತ್ತು ಬಸ್ಸು ಬಂದಿರಲಿಲ್ಲ

ಎಂಟಾಣೆ,

ಇದನ್ನ ವಾಟ್ಸಾಪಿನಲ್ಲೇ ಕಳಿಸಬಹುದಿತ್ತು. ಆದರೆ ನೀನು ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಎಲ್ಲರ ಮುಂದೆ ಹಾಕುತ್ತಿದ್ದೇನೆ, ಓದೋರು ಓದಲಿ. ಕೊಡೆ ವಿಷಯ ಎತ್ತಲ್ಲ, ಹೆದರಬೇಡ.

ನಾನು ಮತ್ತೆ ಕ್ಲಾಸಿಗೆ ಸೇರಿದ್ದೆ ಕಣೋ. ಅಪ್ಪ ಆಗೋದು ಹೇಗೆ ಅಂತ! 'ಟ್ಯೂನಿಂಗ್ ಇನ್ ಟು ಕಿಡ್ಸ್' ಅಂತ ಹೆಸರು, ಇಲ್ಲೇ ಮೆಲ್ಬರ್ನ್ ವಿಶ್ವವಿದ್ಯಾಲಯದ ಸೋಫಿ ಹ್ಯಾವಿಘರ್ಸ್ಟ್, ಆನ್ ಹಾರ್ಲಿ ಸೇರಿ ಕಟ್ಟಿದ್ದು. ವಾರಕ್ಕೆ 2 ಗಂಟೆ, 6 ವಾರ. ಮಗ ಹೋಂವರ್ಕ್ ಪುಸ್ತಕ ಹರಿದು ಹಾಕಿದ ದಿನ ಇವಳು ಇಬ್ಬರ ಹೆಸರನ್ನೂ ಬರೆಸಿದಳು. ಕೊನೆಗೆ ಹೋಗಿದ್ದು ನಾನೊಬ್ಬನೇ. "ನಿಂಗೇ ಜಾಸ್ತಿ ಬೇಕಿರೋದು" ಅಂದಳು.

ವಿಷಯ ಇಷ್ಟೇ. ಮಗು ಅತ್ತರೆ, ರೇಗಿದರೆ, ಮೊದಲು ಅದನ್ನು ಗಮನಿಸು. ಹತ್ತಿರ ಆಗೋಕೆ ಇದೇ ಸಮಯ ಅಂದ್ಕೋ. ಕೇಳಿಸ್ಕೋ. ಅದಕ್ಕೆ ಏನಾಗ್ತಿದೆಯೋ ಅದರ ಹೆಸರು ಹೇಳು. ಬುದ್ಧಿಮಾತು, ರೂಲ್ಸು, ಪರಿಹಾರ ಎಲ್ಲ ಕೊನೆಗೆ. ಜಾನ್ ಗಾಟ್ಮನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1990ರ ದಶಕದಲ್ಲಿ ಹೇಳಿದ 5 ಹೆಜ್ಜೆ ಇವು. ನಾನು ಸೀದಾ ಐದನೇದಕ್ಕೇ ಹಾರೋ ಗಿರಾಕಿ, ನಿನಗೆ ಗೊತ್ತಲ್ಲ.

ನಾಲ್ಕನೇದರಲ್ಲಿ ಸಿಕ್ಕಿಬಿದ್ದೆ. ಸ್ನೇಹಿತನೊಬ್ಬ ಹುಟ್ಟುಹಬ್ಬಕ್ಕೆ ಕರೆಯಲಿಲ್ಲ ಅಂತ ಮಗ ಮುಖ ಊದಿಸಿಕೊಂಡು ಕೂತಿದ್ದ. "ಬೇಜಾರಾಯ್ತಾ ಪುಟ್ಟ?" ಅಂದೆ. "ಯಾವ ಬೇಜಾರು? ಬೋರಾ, ಸ್ಯಾಡಾ?" ಅಂದ! ಸಿನಿಮಾ ಚೆನ್ನಾಗಿಲ್ಲದಿದ್ದರೂ ಬೇಜಾರು, ಸಾವಾದರೂ ಬೇಜಾರು. ರಾತ್ರಿ ಕೂತು ಲೆಕ್ಕ ಹಾಕಿದೆ: ಮುನಿಸು, ಸೆಡವು, ಅಳುಕು, ದಿಗಿಲು, ಕಸಿವಿಸಿ, ಸಂಕಟ, ತಳಮಳ. ಇಷ್ಟೆಲ್ಲ ಇದ್ದೂ ನಾವು ಹುಡುಗರಾಗಿದ್ದಾಗ ಯಾರೂ ಒಂದನ್ನೂ ನಮ್ಮ ಕೈಗೆ ಕೊಡಲಿಲ್ಲ. ಬಿದ್ದರೆ "ಇರುವೆ ಸತ್ತೋಯ್ತು ನೋಡು" ಅನ್ನೋರು, ನಿಮ್ಮಜ್ಜಿ ನೆಲಕ್ಕೇ ಎರಡೇಟು ಹಾಕೋರು. ದೂರಲ್ಲ, ನಾವು ಎದ್ದು ಓಡುತ್ತಲೂ ಇದ್ದೆವು.

ಒಂದು ವಾರ ಒಂದು ಹಾಳೆ ಕೊಟ್ಟರು. ನಿಮ್ಮ ಮನೆಯಲ್ಲಿ ಯಾರಾದರೂ ಅತ್ತರೆ ಉಳಿದವರು ಏನು ಮಾಡುತ್ತಿದ್ದರು, ಬರೆಯಿರಿ ಅಂತ. ಅಪ್ಪನ ಬಗ್ಗೆ ಬರೆಯೋಣ ಅಂತ ಪೆನ್ನು ತೆಗೆದೆ. ನೆನಪಾಗಿದ್ದು ನೀನು.

ನಿಮ್ಮಪ್ಪ ಹೋದ ಮೂರನೇ ದಿನ ಫೋನ್ ಮಾಡಿದ್ದೆನಲ್ಲ. ಮಾತಾಡುತ್ತಾ ನಿನ್ನ ಗಂಟಲು ಕಟ್ಟಿತು. ನಾನೇನಂದೆ? "ವಯಸ್ಸಾಗಿತ್ತು ಬಿಡೋ, ನರಳದೆ ಹೋದ್ರು, ಪುಣ್ಯವಂತರು." ಆಮೇಲೆ ತಿಥಿಗೆ ಅಡುಗೆಯವರು ಸಿಕ್ಕರಾ ಅಂತ ಕೇಳಿದೆ. ಅಡುಗೆಯವರು! ನೀನು ಅಳೋಕೆ ಶುರು ಮಾಡಿದೆ. "ಬಸ್ ಬಂತು ಕಣೋ, ಆಮೇಲೆ ಮಾಡ್ತೀನಿ" ಅಂತ ಇಟ್ಟೆ. ಬಸ್ಸು ಬಂದಿರಲಿಲ್ಲ. ನಮ್ಮ ಮನೆ ಮುಂದೆಯೇ ಕಾರಿನಲ್ಲಿ ಕೂತಿದ್ದೆ. ಅದಾಗಿ ಹನ್ನೊಂದು ತಿಂಗಳಾಯಿತು, ಈ ನಡುವೆ ಕ್ರಿಕೆಟ್ಟಿಗೆ ಅಂತ ಎಷ್ಟು ಸಲ ಫೋನ್ ಮಾಡಿದ್ದೇನೋ, ಆ 'ಆಮೇಲೆ' ಮಾತ್ರ ಬರಲೇ ಇಲ್ಲ. ನನಗೂ ಸೈಕಲ್ ಕಲಿಸಿದವರು ಅವರೇ. ನಾನೂ ಅತ್ತಿಲ್ಲ. ಹಾಳೆ ಖಾಲಿಯೇ ವಾಪಸ್ ಕೊಟ್ಟೆ.

ಛೆ, ಮಗನ ತಮಾಷೆ ಹೇಳೋಣ ಅಂತ ಶುರು ಮಾಡಿದ್ದು ಇದು. ಓದುತ್ತಿರುವವರು ಕೆಳಗೆ ಕೈಮುಗಿದ ಚಿತ್ರ ಹಾಕಬೇಡಿ ದಯವಿಟ್ಟು. ನಾನೇನೂ ಉದ್ಧಾರ ಆಗಿಲ್ಲ: ಕ್ಲಾಸು ಮುಗಿದ ಮಾರನೇ ಬೆಳಿಗ್ಗೆಯೇ ಒಂದು ಶೂ ಸಿಗಲಿಲ್ಲ ಅಂತ ಬೀದಿಗೆಲ್ಲ ಕೇಳೋ ಹಾಗೆ ಕಿರುಚಿದ್ದೇನೆ, ಎದುರುಮನೆ ನಾಯಿ ಬಾಲ ಮುದುರಿಕೊಂಡು ಒಳಗೆ ಹೋಯಿತು. 5 ಹೆಜ್ಜೆಯ ಹಾಳೆ ಫ್ರಿಜ್ ಮೇಲೆ ಇದೆ. ಶೂ ಫ್ರಿಜ್ ಹಿಂದೆ ಇತ್ತು.

ಶನಿವಾರ ನಿನ್ನ ಬೆಳಿಗ್ಗೆ ಏಳಕ್ಕೆ ಮಾಡುತ್ತೇನೆ, ಎದ್ದಿರು. ಬಸ್ಸಿನ ನೆಪ ಮುಗಿಯಿತು. ಟ್ರಾಮ್ ಇನ್ನೂ ಬಾಕಿ ಇದೆ, ನೋಡೋಣ.

ಕೊಡೆ ಕೊಡಲ್ಲ.